ವನಜಾಕ್ಷಿ ತುಂಬಿದ ಫಾರಂ

ಹುಳಿಯಾರು ಕಡೆಯ ಹಟ್ಟಿಯ ವನಜಾಕ್ಷಿ 2004ರಲ್ಲಿ ತಿಪಟೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ಕಾಲೇಜಿನವರು ತಮಗೆ ತಾವೇ ಅಂಕ ಹಾಕಿಕೊಳ್ಳುವ ಒಂದು ಫಾರಂ ಕೊಟ್ಟರು. ‘ಮಕ್ಕಳಿಂದ ಉಪಕರಣ ಮಾಡಿಸಿ ವಿಜ್ಞಾನ ಕಲಿಸಬಲ್ಲೆ’ ಎಂಬ ಸಾಲಿಗೆ ಅವಳು ಐದಕ್ಕೆ ಐದು ಹಾಕಿದಳು.

ಆಮೇಲೆ ತರಬೇತಿಗೆಂದು ಹಳ್ಳಿ ಶಾಲೆಗೆ ಪಾಠ ಮಾಡಲು ಹೋದಳು. ಮನೆಯ ಅಟ್ಟದಿಂದ ತೆಂಗಿನಕಾಯಿ ಇಳಿಸುವ ಉಪಕರಣವೆಂದು ಮಕ್ಕಳು ತರಗತಿಯಲ್ಲಿ ಬಿದಿರಿನ ಜಾರುದಾರಿ ಕಟ್ಟಿದರು. ಕಾಯಿ ಅರ್ಧಕ್ಕೇ ನಿಂತಿತು.

“ಯಾಕ್ ನಿಂತೋಯ್ತು ಮಿಸ್? ಈಗೇನ್ ಮಾಡಾನ?”

ಘರ್ಷಣೆಯ ವ್ಯಾಖ್ಯಾನ ಅವಳಿಗೆ ಬಾಯಿಪಾಠವಿತ್ತು, ಮಾಡುವುದೇನೆಂದು ಗೊತ್ತಿರಲಿಲ್ಲ. ವ್ಯಾಖ್ಯಾನವನ್ನೇ ಬೋರ್ಡಿನ ಮೇಲೆ ಬರೆದು ಗಂಟೆ ಹೊಡೆಯುವವರೆಗೂ ಓದಿಸಿದಳು.

ತರಬೇತಿ ಮುಗಿದ ಮೇಲೆ ಅದೇ ಫಾರಂ ಮತ್ತೆ ಬಂತು. ಈ ಸಲ ಆ ಸಾಲಿಗೆ ಎರಡು ಹಾಕಿದಳು.

“ಕಲಿತ ಮೇಲೆ ಕಮ್ಮಿ ಆಗೋದುಂಟೇನಮ್ಮ? ತಿದ್ದಿ ಕೊಡು” ಎಂದರು ಲೆಕ್ಚರರು.

ತಿದ್ದಿದಳು. ಪಾಸಾಗಬೇಕಿತ್ತಲ್ಲ.

ಈಗ ಅವಳೇ ಶಾಲೆಯಲ್ಲಿ ಮೇಡಂ. ಘರ್ಷಣೆಯ ಪಾಠ ಬಂದರೆ ವ್ಯಾಖ್ಯಾನ ಬಾಯಿಪಾಠ ಮಾಡಿಸುತ್ತಾಳೆ. ತರಗತಿಗೆ ಕಾಯಿ ತರಿಸುವುದಿಲ್ಲ.