ಉಸಿರು ಬಿಗಿಸಿ ಬಿಡಿಸುವ ಊದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಚಿಕ್ಕ ಕೋಣೆಯಲ್ಲಿ ಬೇಕರಿಯ ಯಜಮಾನರೊಬ್ಬರು ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಬಾಯಲ್ಲಿ ಕೊಳವೆ ಕಚ್ಚಿ ಕೂತಿದ್ದಾರೆ. "ಊದಿ, ಊದಿ, ಇನ್ನೂ ಇದೆ, ಬಿಡಬೇಡಿ" ಎಂದು ಎದುರಿಗೆ ನಿಂತ ಹೆಂಗಸು ಹುರಿದುಂಬಿಸುತ್ತಿದ್ದಾರೆ. ಹುದ್ದೆಯಲ್ಲಿ ಅವರು ಉಸಿರಾಟ ಪರೀಕ್ಷೆಯ ತಂತ್ರಜ್ಞೆ. ರೋಗಿಗಳ ಬಾಯಲ್ಲಿ ಊದಕ್ಕ.

ಆಸ್ತಮಾದ ಹೊಸ ಔಷಧವೊಂದರ ಅಧ್ಯಯನ ಇಲ್ಲಿ ನಡೆಯುತ್ತಿದೆ. ಮಾಮೂಲಿ ಮದ್ದಿನ ಜೊತೆಗೆ ಅರ್ಧ ಜನಕ್ಕೆ ಹೊಸ ಔಷಧ, ಇನ್ನರ್ಧ ಜನಕ್ಕೆ ಔಷಧವೇ ಇಲ್ಲದ ಹುಸಿ ಪುಡಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ, ಊದಕ್ಕನಿಗೂ ಗೊತ್ತಿಲ್ಲ. ಮದ್ದು ಎಷ್ಟು ತಡೆಯುತ್ತದೆಂದು ನೋಡಲು ಶ್ವಾಸನಾಳವನ್ನು ಕೆರಳಿಸುವ ಆವಿಯನ್ನು ಹಂತ ಹಂತವಾಗಿ ಹೆಚ್ಚಿಸುತ್ತ ಕೊಡುವುದು ಊದಕ್ಕನ ಕೆಲಸ. ಊದುವ ಬಲ ಐದರಲ್ಲೊಂದು ಪಾಲು ಕುಸಿದೊಡನೆ ನಿಲ್ಲಿಸಿ ಉಸಿರು ಬಿಡಿಸುವ ಮದ್ದು ಕೊಡಬೇಕು. ಒಂದು ಬೆಳಿಗ್ಗೆಗೆ ನಾಲ್ವರು ರೋಗಿಗಳು. "ಮಗು ಚಿವುಟೋದೂ ನಾನೇ, ತೊಟ್ಟಿಲು ತೂಗೋದೂ ನಾನೇ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ."

ನಗುತ್ತಾರೆ, ಆದರೆ ಕಣ್ಣು ರೋಗಿಯ ಕತ್ತಿನ ಮೇಲೆಯೇ ಇರುತ್ತದೆ. ಊದಕ್ಕನ ಅಪ್ಪನಿಗೂ ಇದೇ ಕಾಯಿಲೆಯಿತ್ತು. ಒಂದು ಮಧ್ಯಾಹ್ನ ಅಪ್ಪನ ಎದೆಯ ಸಿಳ್ಳೆ ಇದ್ದಕ್ಕಿದ್ದಂತೆ ನಿಂತಿತು. "ಸದ್ಯ, ಕಡಿಮೆಯಾಯ್ತು ಅಂದ್ಕೊಂಡ್ವಿ. ಒಳಗೆ ಗಾಳಿನೇ ಓಡಾಡ್ತಿಲ್ಲ ಅಂತ ಯಾರಿಗೆ ಗೊತ್ತಿತ್ತು?" ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು.

ಇಂದು ಮೂರನೇ ಹಂತ ಮುಗಿದಿದೆ. ಯಂತ್ರದ ಲೆಕ್ಕದಲ್ಲಿ ಇನ್ನೊಂದು ಹಂತಕ್ಕೆ ಅವಕಾಶವಿದೆ. ಹೇಗಿದೆಯೆಂದು ಕೇಳಿದರೆ ಯಜಮಾನರು ಮುಂದುವರಿಸಿ ಎಂದು ಕೈಸನ್ನೆ ಮಾಡುತ್ತಾರೆ. ಬಂದಾಗಿನಿಂದ ಬಾಯಿಗೆ ಬೀಗವಿಲ್ಲದೆ ಹರಟುತ್ತಿದ್ದವರು ಈಗ ಮಾತಿಗೆ ಬದಲು ಕೈ ಬಳಸುತ್ತಿರುವುದು ಊದಕ್ಕನಿಗೆ ಸರಿ ಕಾಣುವುದಿಲ್ಲ.

"ನಿಮ್ಮ ಅಂಗಡೀಲಿ ಏನೇನು ಸಿಗುತ್ತೆ, ಹೇಳಿ ನೋಡೋಣ."

"ಬ್ರೆಡ್ಡು... ಬನ್ನು..." ಅಷ್ಟಕ್ಕೇ ಉಸಿರು ಸಾಲದು. ಕೊರಳ ಗುಳಿ ಒಳಕ್ಕೆ ಸೆಳೆಯುತ್ತಿದೆ.

ಊದಕ್ಕ ಗಂಟೆ ಒತ್ತುತ್ತಾರೆ. ಪಕ್ಕದ ಕೋಣೆಯಿಂದ ಡಾಕ್ಟರು ಬರುವಷ್ಟರಲ್ಲಿ ಉಸಿರು ಬಿಡಿಸುವ ಮದ್ದಿನ ಮಾಸ್ಕು ಯಜಮಾನರ ಮುಖ ಸೇರಿದೆ. ಆಮೇಲೆ ಕಾಯುವುದು. ಈ ಹೊತ್ತಿನಲ್ಲಿ ಊದಕ್ಕ ಕೂರುವುದಿಲ್ಲ. ಸ್ಟೆತಸ್ಕೋಪಿನಲ್ಲಿ ಆಲಿಸುತ್ತಿದ್ದ ಡಾಕ್ಟರು ತಲೆಯೆತ್ತಿ, ಸಿಳ್ಳೆ ಜೋರಾಗಿದೆ, ಗಾಳಿ ಓಡಾಡುತ್ತಿದೆ ಎಂದ ಮೇಲಷ್ಟೇ ಊದಕ್ಕ ಹಿಡಿದಿದ್ದ ಕುರ್ಚಿಯ ಬೆನ್ನು ಬಿಡುತ್ತಾರೆ.

ಡಾಕ್ಟರು ಆಚೆ ಹೋದ ಮೇಲೆ ಯಜಮಾನರು ತಲೆ ತಗ್ಗಿಸುತ್ತಾರೆ. "ಪಾಪ, ಡಾಕ್ಟ್ರು ಎಷ್ಟು ಆಸೆ ಇಟ್ಕೊಂಡಿದ್ದಾರೆ. ನನ್ನಿಂದ ಅವರ ಮದ್ದು ಫೇಲಾಗೋದು ಬೇಡ ಅಂತ ತಡ್ಕೊಂಡೆ."

"ಡಾಕ್ಟ್ರ ಮುಖ ನೋಡಿ ಊದಬೇಡಿ, ಅಣ್ಣ. ನಾಳೆ ಈ ಮದ್ದನ್ನ ನಂಬ್ಕೊಂಡು ಯಾರೋ ಮಲಗ್ತಾರೆ."

ಊದುವ ಬಲ ಮೊದಲಿನಷ್ಟೇ ಆದ ಮೇಲೆ ಯಜಮಾನರನ್ನು ಕಳಿಸಿಕೊಡುತ್ತಾರೆ. ಆದರೂ ಮನಸ್ಸು ಒಪ್ಪದೆ ಊದಕ್ಕ ಮೆಟ್ಟಿಲ ಕಂಬಿಯ ಬಳಿ ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ಕೆಳಗೆ ಯಜಮಾನರ ಫೋನು ಬಡಿದುಕೊಳ್ಳುತ್ತದೆ. ಇಷ್ಟು ಹೊತ್ತಾದರೂ ಅಂಗಡಿ ಬಾಗಿಲು ತೆಗೆಯದ ಭಾಮೈದನಿಗೆ ಹಿಗ್ಗಾಮುಗ್ಗಾ ಬೈಗುಳ ಶುರುವಾಗುತ್ತದೆ. ಎಲ್ಲೂ ತಡೆಯಿಲ್ಲ.

"ಒಂದೇ ಉಸಿರಲ್ಲಿ ಬೈದ್ರು" ಎನ್ನುತ್ತಾರೆ ಊದಕ್ಕ. "ಇನ್ನು ನಾನು ಟೀ ಕುಡೀಬಹುದು."