ಚಿಗವ್ವನ ತೆಂಗಿಗೆ ನಾನು ಕಳಿಸಿದ ಹುಳು

ನಮ್ಮೂರು ಕುರ್ಡಿಯಲ್ಲಿ ಬೇಸಿಗೆ ಎಂದರೆ ತಿಪ್ಪೆ ತೆಗೆಯುವ ಕಾಲ. ಅವ್ವ ಸಲಿಕೆಯಿಂದ ಒಂದು ಹೆಂಟೆ ಮಗುಚಿದರೆ ಸಾಕು, ಅಡಿಯಿಂದ ಬೆಳ್ಳಗಿನ, ಕಂದು ತಲೆಯ, ನನ್ನ ಹೆಬ್ಬೆರಳಿಗಿಂತ ದಪ್ಪನೆಯ ಹುಳುಗಳು ಮೈ ಮಡಚಿಕೊಂಡು ಉರುಳುತ್ತಿದ್ದವು. ಕೋಳಿಗಳಿಗೆ ಅಂದು ಹಬ್ಬ.

"ಹುಳ ಹಿಂಗ ದಪ್ಪ ಆಗ್ಯಾವಂದ್ರ ಗೊಬ್ಬರ ಹಣ್ಣಾಗೇದ ನೋಡು," ಎನ್ನುತ್ತಿದ್ದಳು ಅವ್ವ.

ಹುಳುವೇ ಗೊಬ್ಬರವನ್ನು ಹಣ್ಣು ಮಾಡುತ್ತದೆ ಎಂದು ನಾನು ತಿಳಿದೆ. ಮಳೆ ಬಿದ್ದ ಮೇಲೆ ದೀಪಕ್ಕೆ ಬಂದು ಬೀಳುತ್ತಿದ್ದ ಕರಿಯ ಕೊಂಬಿನ ದುಂಬಿಯೂ ನನಗೆ ಗೊತ್ತಿತ್ತು. ಅದರ ಕೊಂಬಿಗೆ ದಾರ ಕಟ್ಟಿ ಬೆಂಕಿಪೊಟ್ಟಣದ ಗಾಡಿ ಎಳೆಸುತ್ತಿದ್ದೆವು. ಎಂಥ ಎತ್ತು ಅದು! ಈಗ ನೆನೆದರೂ ಖುಷಿಯಾಗುತ್ತದೆ. ಆದರೆ ಆ ಹುಳುವೇ ಈ ದುಂಬಿಯಾಗುತ್ತದೆ ಎಂದು ಜೋಳ, ಹತ್ತಿ ಬೆಳೆಯುವ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವ್ವನ ತಂಗಿ, ನನ್ನ ಚಿಗವ್ವ, ದೇವದುರ್ಗದಲ್ಲಿದ್ದಳು. ಅವಳ ಹಿತ್ತಲಲ್ಲಿ ಒಂದು ತೆಂಗಿನ ಗಿಡ. ಇಡೀ ಓಣಿಗೆ ಅದೊಂದೇ. ಪಾತ್ರೆ ತೊಳೆದ ನೀರು ಕುಡಿದೇ ಅದು ಆಳೆತ್ತರ ದಾಟಿತ್ತು. ನನ್ನ ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವ್ವ ಆ ಗಿಡಕ್ಕೆಂದು ಒಂದು ಚೀಲ ಗೊಬ್ಬರ ತುಂಬಿದಳು. ಹುಳುಗಳನ್ನೆಲ್ಲ ಹೆಕ್ಕಿ ಕೋಳಿಗಳಿಗೆ ಎಸೆದಳು. ನಾನು ಸುಮ್ಮನಿರಬೇಕಲ್ಲ! ಅವಳು ಒಳಗೆ ಹೋದದ್ದೇ ತಡ, ಕೋಳಿಗಳನ್ನು ಓಡಿಸಿ, ದಪ್ಪದಪ್ಪನೆಯ ಹನ್ನೆರಡು ಹುಳುಗಳನ್ನು ಆರಿಸಿ ಚೀಲದ ನಡುವೆ ಹುದುಗಿಸಿದೆ. ಚಿಗವ್ವನ ಗಿಡ ಚೆನ್ನಾಗಿ ಬರಲಿ ಎಂಬ ಆಸೆ, ಅಷ್ಟೇ.

ಮಾನ್ವಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನವ್ವಾ, ತಿಪ್ಪೀನ ಹೊತ್ಕೊಂಡು ಬಂದೀಯಲ್ಲ," ಎಂದ.

"ತಂಗಿಗೆ ಒಯ್ಯಾಕತ್ತೀನ್ರೀ. ಬಂಗಾರ ಅದ ಅದು," ಎಂದಳು ಅವ್ವ.

ಚಿಗವ್ವ ಅದನ್ನು ಗಿಡದ ಬುಡದಲ್ಲೇ ಗುಡ್ಡೆ ಹಾಕಿದಳು. ಮುಂದಿನ ವರ್ಷ ಹೊಸ ಗರಿಗಳು ಕತ್ತರಿ ಆಡಿಸಿದಂತೆ ತುಂಡುತುಂಡಾಗಿ ಬಿಚ್ಚಿಕೊಂಡವು. ಕೊನೆಗೆ ಸುಳಿಯೇ ಒಣಗಿ ಗಿಡ ಸತ್ತಿತು. ಗರಿ ಹಾಳಾಗುವ ಕೆಲವೇ ದಿನ ಮೊದಲು ಪಕ್ಕದ ಮನೆಯಾಕೆ ಗೋಡೆಯಾಚೆ ನಿಂತು, "ಎಷ್ಟ್ ಚಂದ ಬೆಳ್ದೇದ ಬೇ ನಿನ್ನ ಗಿಡ!" ಎಂದಿದ್ದಳಂತೆ. ಚಿಗವ್ವನಿಗಿಂತ ನಾಲ್ಕೈದು ವರ್ಷ ದೊಡ್ಡವಳು. ದಿನ ಬೆಳಗಾದರೆ ಇಬ್ಬರೂ ಆ ಗೋಡೆಗೆ ಅಂಟಿಕೊಂಡೇ ಮಾತಾಡುವವರು. "ಆಕಿ ಕಣ್ಣೇ ಹತ್ತಿದ್ದು," ಎಂದು ಚಿಗವ್ವ ಓಣಿಗೆಲ್ಲ ಕೇಳುವಂತೆ ಬೈದಳು. ಅಂದಿನಿಂದ ಮಾತು ಬಂದ್.

ನಾನು ಮುಂದೆ ರಾಯಚೂರಿನಲ್ಲಿ ಕೃಷಿ ಓದಲು ಸೇರಿದೆ. ಒಂದು ದಿನ ಮೇಷ್ಟ್ರು ಗಾಜಿನ ಮುಚ್ಚಳದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಒಳಗೆ ಸೂಜಿ ಚುಚ್ಚಿಸಿಕೊಂಡ ಕೊಂಬಿನ ದುಂಬಿ. ಪಕ್ಕದ ಶೀಸೆಯಲ್ಲಿ ನಮ್ಮ ತಿಪ್ಪೆಯ ಹುಳು. "ಇದು ಅದರ ಮರಿ. ದೊಡ್ಡದಾದ ಮೇಲೆ ತೆಂಗಿನ ಸುಳಿ ಕೊರೆದು ಗಿಡವನ್ನೇ ಕೊಲ್ಲುತ್ತದೆ," ಎಂದರು. ಪಾಠ ಮುಗಿದ ಮೇಲೆ ಆ ಹನ್ನೆರಡು ಹುಳುಗಳ ಕತೆಯನ್ನು ಅವರಿಗೆ ಹೇಳಿದೆ.

"ದುಂಬಿ ಬೇರೆ ಕಡೆಯಿಂದ ಹಾರಿ ಬಂದಿರಬಹುದಲ್ಲವೇ ಸರ್?" ಎಂದೆ. "ಬಂದಿರಬಹುದು," ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ಎರಡು ವಾರ ತಳ್ಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿ, ಕೊನೆಗೊಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ.

ಚಿಗವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು.

"ನೀನಾ ಇಟ್ಟಿದ್ದೇನು?"

"ಹ್ಞೂಂ ಚಿಗವ್ವಾ. ಗಿಡ ಚಂದ ಆಗ್ಲಿ ಅಂತ ಇಟ್ಟಿದ್ದೆ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಗಿಡ ಹೋದ್ರ ಹೋತು," ಎಂದಳು. "ಆರು ವರ್ಷ ಆತು, ಆಕಿ ಕೂಡ ಮಾತಾಡಿಲ್ಲ. ಆಕಿ ಗಂಡ ತೀರಿದಾಗ ಸುದಾ ನಾ ಆ ಹೊಸ್ತಿಲ ತುಳಿಲಿಲ್ಲ."

"ನಾನೇ ಹೋಗಿ ಹೇಳ್ತೀನಿ," ಎಂದು ಎದ್ದೆ.

"ನೀ ಕುಂದ್ರು. ಕಣ್ಣು ಹತ್ತೇದ ಅಂದಾಕಿ ನಾನು."

ಹಿತ್ತಲ ಗೋಡೆಯ ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು, "ಯಕ್ಕಾ," ಎಂದು ಕರೆದಳು. ಆಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಏನು ಹೇಳಬೇಕೆಂದು ತೋಚದೆ ನನ್ನತ್ತ ಒಮ್ಮೆ ನೋಡಿದಳು.

"ಯಕ್ಕಾ, ಇವತ್ತು ಏನ್ ಅಡಿಗಿ ಮಾಡೀದಿ?"

ಆಚೆ ತಿಕ್ಕುವ ಸದ್ದು ಮತ್ತೆ ಶುರುವಾಗಿ ಮತ್ತೆ ನಿಂತಿತು.

"ಪುಂಡಿ ಪಲ್ಯ," ಎಂಬ ದನಿ ಬಂತು. "ಆರು ವರ್ಷದಾಗ ಇವತ್ತು ನೆನಪಾತೇನು ಕೇಳಾಕ?"

ಚಿಗವ್ವ ಎರಡೂ ಕೈಯಿಂದ ಗೋಡೆ ಹಿಡಿದುಕೊಂಡು ಅಳತೊಡಗಿದಳು.