ಸರೋಜಳ ಕಾಲು, ಅಪ್ಪನ ಗ್ರಾನೈಟು

ಮೊನ್ನೆ ಕಮ್ಮನಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಕಾಲಾಣಿಗೆ ಹಾಕುವ ಪಟ್ಟಿ ಕೇಳಿದೆ. ಯಾರಿಗೆ ಎಂದು ಅಂಗಡಿಯವರು ವಿಚಾರಿಸಿದರು. ನನಗೇ ಎನ್ನುವಷ್ಟರಲ್ಲಿ ನಗು ಬಂದುಬಿಟ್ಟಿತು. ತೊಂಬತ್ತರ ದಶಕದಲ್ಲಿ ಇದೇ ಪ್ರಶ್ನೆಗೆ ನಮ್ಮಮ್ಮ ಗಂಭೀರವಾಗಿ ಬಾತುಕೋಳಿಗೆ ಎಂದಿದ್ದಳು ನೋಡಿ.

ಬಾತುಕೋಳಿಯ ಹೆಸರು ಸರೋಜ. ಕೆ.ಆರ್. ಪುರದಲ್ಲಿ ಹೊಸ ಮನೆ ಕಟ್ಟಿದಾಗ ನೆಂಟರ ಊಟಕ್ಕೆಂದು ಅಪ್ಪ ಶಿವಾಜಿನಗರದಿಂದ ತಂದದ್ದು. ಬುಟ್ಟಿಯಿಂದ ಇಳಿದ ಗಳಿಗೆಯಿಂದ ಅದು ಅಮ್ಮನ ಸೆರಗಿನ ಹಿಂದೆಯೇ ತಿರುಗಿತು. ಹಾಗೆ ಹಿಂದೆ ಹಿಂದೆ ಬರುವವಳನ್ನು ಕೊಯ್ಯುವುದು ಹೇಗೆ? ನೆಂಟರು ಅನ್ನ ಸಾರು ಉಂಡು ಹೋದರು.

ಇನ್ನು ಅಪ್ಪನ ವಿಷಯ. ಹುಟ್ಟಿದಾಗಿನಿಂದ ರಾಗಿ ಹೊಲದ ಮಣ್ಣು ತುಳಿದವರು. ಹೊಲ ಮಾರಿ, ಉಳಿಸಿಕೊಂಡ ತುಂಡಿನಲ್ಲಿ ಮನೆ ಕಟ್ಟಿಸಿ, ಹಜಾರ, ಅಂಗಳ, ಕೊನೆಗೆ ಬಚ್ಚಲ ಹಿಂದಿನ ಮೂಲೆಗೂ ಗ್ರಾನೈಟ್ ಹಾಸಿಸಿದ್ದರು. ಮನೆಯಲ್ಲಿ ಚಿಟಿಕೆ ಮಣ್ಣೂ ಕಾಣಬಾರದು ಎಂಬುದು ಅವರ ಹಟ.

ಆ ಗ್ರಾನೈಟಿನ ಮೇಲೆ ಸರೋಜ ಕೆಲವು ತಿಂಗಳು ನಡೆದಳು, ಜಾರಿದಳು, ಕುಂಟಿದಳು, ಕೊನೆಗೆ ಕೂತೇಬಿಟ್ಟಳು. ಪಾದದಡಿ ಕಪ್ಪು ಗಂಟು. ಅಮ್ಮ ಕಾಲಾಣಿ ಪಟ್ಟಿ ಅಂಟಿಸಿದಳು; ಸರೋಜ ಅದನ್ನು ಕಿತ್ತು ನುಂಗಿದಳು. ನನ್ನ ಹಳೆಯ ಕಾಲುಚೀಲ ತೊಡಿಸಿದಳು; ಸರೋಜ ಇನ್ನಷ್ಟು ಜಾರಿದಳು. ಆಮೇಲೆ ತಿನ್ನುವುದನ್ನೂ ಬಿಟ್ಟಾಗ, ಇವಳು ಉಳಿಯುವುದಿಲ್ಲ ಎಂದು ಅಮ್ಮ ಕಣ್ಣೀರು ಹಾಕಿದಳು.

ದನದ ಡಾಕ್ಟರು ಬಂದು ಗಂಟು ತೊಳೆದು, ಔಷಧಿ ಕಟ್ಟಿ, ಸುತ್ತ ಒಮ್ಮೆ ಕಣ್ಣಾಡಿಸಿದರು.

"ಕಾಯಿಲೆ ಕಾಲಲ್ಲಿ ಅಲ್ಲ ಗೌಡ್ರೇ, ನಿಮ್ಮ ನೆಲದಲ್ಲಿ ಐತೆ. ಮೆತ್ತನೆ ಮಣ್ಣಲ್ಲಿ ಬಿಡದಿದ್ರೆ ಇದು ಏಳಲ್ಲ."

ಗ್ರಾನೈಟಿಗಾದ ಅವಮಾನ ತಾಳಲಾರದೆ ಅಪ್ಪ ಅವರಿಗೆ ಕಾಫಿ ಬೇಕಾ ಎಂದೂ ಕೇಳಲಿಲ್ಲ.

ಆದರೂ ಮರುದಿನ ಬಕೆಟ್ ಹಿಡಿದು ಮಣ್ಣಿಗೆ ಹೊರಟರು. ಎಲ್ಲಿಗೆ ಅಂತೀರಿ? ತಾವೇ ಮಾರಿದ ಹೊಲಕ್ಕೆ. ಅಲ್ಲೀಗ ಲೇಔಟು, ಲೇಔಟಿಗೊಂದು ಬೇಲಿ, ಬೇಲಿಗೊಬ್ಬ ಕಾವಲುಗಾರ. ಮಣ್ಣು ಮುಟ್ಟಬೇಕಾದರೆ ಓನರ್ ಪರ್ಮಿಷನ್ ತನ್ನಿ ಎಂದನಂತೆ. ಅಪ್ಪ ಖಾಲಿ ಬಕೆಟ್ಟನ್ನು ಅಂಗಳದಲ್ಲಿಟ್ಟು ಸರೋಜಳ ಎದುರು ಕೂತರು.

ಆಮೇಲೆ ಎದ್ದು ಹಾರೆ ತಂದರು. ಅಮ್ಮ ಬೇಡವೆಂದು ಕೈ ಹಿಡಿದರೂ ಬಿಡದೆ, ಅಂಗಳದ ನಟ್ಟನಡುವಿನ ಚಪ್ಪಡಿಯನ್ನೇ ಮೀಟಿ ಎಬ್ಬಿಸಿದರು. ಸಿಮೆಂಟು, ಜಲ್ಲಿ ಒಡೆದ ಮೇಲೆ ಕೆಂಪಗೆ ಮಣ್ಣು ಕಂಡಿತು. ಒಂದು ಹಿಡಿ ತೆಗೆದು ಮೂಸಿದರು.

"ನಮ್ದೇ ಕಣೇ ಇದು. ಇಲ್ಲೇ ಐತೆ," ಎಂದರು ಅಮ್ಮನಿಗೆ.

ಸರೋಜಳನ್ನು ಎತ್ತಿ ಅಲ್ಲಿಟ್ಟು, ಸುತ್ತ ನೀರು ಚಿಮುಕಿಸಿದೆವು. ದಿನ ಕಳೆದಂತೆ ತಿಂದಳು, ನಿಂತಳು, ಮತ್ತೆ ಅಮ್ಮನ ಬೆನ್ನು ಹತ್ತಿದಳು. ಬಹಳ ವರ್ಷ ಆ ಚೌಕವನ್ನು ಆಳಿಯೇ ಹೋದಳು.

ನಿನ್ನೆ ಅಪ್ಪನ ಮನೆಗೆ ಹೋದವನು, ಚಪ್ಪಲಿ ಬಿಟ್ಟು, ಅವರು ಇಂದಿಗೂ ಮುಚ್ಚಿಸದ ಆ ಚೌಕದಲ್ಲಿ ನಿಂತೆ. ಬೆಳಗ್ಗೆ ಯಾರೋ ನೀರು ಹಾಕಿದ್ದರು, ತಣ್ಣಗಿತ್ತು. ಅಪ್ಪ ಹಜಾರದಿಂದಲೇ ನೋಡಿದರು.

"ನಿಂತ್ಕೊ, ಎಷ್ಟೊತ್ತಾದ್ರೂ ನಿಂತ್ಕೊ. ಒಳಕ್ಕೆ ಬರೋವಾಗ ಮಾತ್ರ ಕಾಲು ತೊಳ್ಕೊಂಡು ಬಾ."